ವೈರಾ, ಬ್ಯಾಟರಿಯಾ? ಮರಗೆಲಸಕ್ಕೆ ಮಷಿನ್ ಆರಿಸುವ ಮುಂಚೆ ನೋಡಬೇಕಾದ್ದು

ಈ ಸಲ ಆಯುಧ ಪೂಜೆಗೆ ನಮ್ಮ ಶೆಡ್ಡಿನಲ್ಲಿ ಹಳೆ ಉಳಿ, ಬಾಚಿ, ಗರಗಸದ ಪಕ್ಕದಲ್ಲೇ ಹೊಸ ಮಷಿನ್‌ಗಳೂ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ನಾನು ಹಲಗೆಯ ಅಂಚು ಸವರುವ ಟ್ರಿಮ್ಮರ್ ಒಂದು ತಗೊಂಡಿದ್ದೆ. ಬೆಂಗಳೂರಿನಲ್ಲಿ ಇಂಟೀರಿಯರ್ ಕೆಲಸ ಮಾಡುವ ಚಿಕ್ಕಪ್ಪನ ಮಗ 18 ವೋಲ್ಟಿನ ಬ್ಯಾಟರಿ ಡ್ರಿಲ್ಲು, ಸ್ಕ್ರೂವನ್ನು ಬಡಿಯುತ್ತಾ ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಎರಡೂ ಇರುವ ಸೆಟ್ ತಂದಿದ್ದ. ದಾವಣಗೆರೆಯ ಗೆಳೆಯ ಮೇಜಿನ ನಡುವಿನಿಂದ ಬ್ಲೇಡ್ ಮೇಲೆದ್ದಿರುವ ಟೇಬಲ್ ಸಾ ತಗೊಂಡಿದ್ದ, ಅದನ್ನು ಅವನ ಅಂಗಡಿಯಲ್ಲೇ ಬಿಟ್ಟು ತಾನೊಬ್ಬನೇ ಬಂದಿದ್ದ. ಪೂಜೆ ಮುಗಿದ ಮೇಲೆ ಪುರಿ ಕಡಲೆ ತಿನ್ನುತ್ತಾ ಕೂತಾಗ ಮಾತು ಶುರುವಾಯಿತು. ಯಾರು ಸರಿಯಾದದ್ದು ತಗೊಂಡರು, ಯಾರ ದುಡ್ಡು ದಂಡವಾಯಿತು ಅಂತ ಸಂಜೆಯವರೆಗೂ ನಡೆಯಿತು.

ಕೊನೆಗೆ ಗೊತ್ತಾಗಿದ್ದೇನೆಂದರೆ, ಮೂವರೂ ಸರಿಯಾದದ್ದನ್ನೇ ತಗೊಂಡಿದ್ದೆವು. ಆದರೆ ಒಬ್ಬರ ಮಷಿನ್ ಇನ್ನೊಬ್ಬರ ಕೈಗೆ ಕೊಟ್ಟರೆ ಮೂವರಿಗೂ ನಷ್ಟ. ಚಿಕ್ಕಪ್ಪನ ಮಗ, ಅಂದರೆ ನನ್ನ ತಮ್ಮ, ದಿನಕ್ಕೊಂದು ಸೈಟಿಗೆ ಹೋಗುತ್ತಾನೆ. ಗೆಳೆಯ ಇದ್ದಲ್ಲೇ ನಿಂತು ದಿನವಿಡೀ ಹಲಗೆ ಸೀಳುತ್ತಾನೆ. ನಾನು ಸಾಗರದ ಕಡೆ ಹಲಸು, ಹೊನ್ನೆ, ಮತ್ತಿಯಲ್ಲಿ ಬಾಗಿಲು ಕಿಟಕಿ ಮಾಡುವವನು, ನಡುವೆ ಪೇಟೆಯ ಅಡುಗೆಮನೆ ಕೆಲಸವೂ ಬರುತ್ತದೆ. ಹಾಗಾಗಿ ಯಾವ ಕಂಪನಿ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ನೀವು ಎಲ್ಲಿ ನಿಂತು ಕೆಲಸ ಮಾಡುತ್ತೀರಿ, ದಿನಕ್ಕೆ ಎಷ್ಟು ಹೊತ್ತು ಆ ಮಷಿನ್ ಓಡುತ್ತದೆ ಅಂತ. ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಮುಗಿದ ಹಾಗೆ.

ವೈರು ಮತ್ತು ಬ್ಯಾಟರಿ

ಈಗ ಎಲ್ಲ ಅಂಗಡಿಯಲ್ಲೂ ಮುಂದೆ ಇಟ್ಟಿರುವುದು ಬ್ಯಾಟರಿ ಮಷಿನ್‌ಗಳನ್ನೇ. ನೋಡಲು ಚಂದ, ಹಿಡಿಯಲು ಹಗುರ, ವೈರಿನ ಕಾಟ ಇಲ್ಲ. ಆದರೆ ಒಂದು ಲೆಕ್ಕ ಹಾಕಿ ನೋಡಿ. 18 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿ ಅಂದರೆ ಅದರಲ್ಲಿ ಇರುವುದು 72 ವ್ಯಾಟ್ ಅವರ್. 1,400 ವ್ಯಾಟಿನ ವೈರ್ ಸರ್ಕ್ಯುಲರ್ ಸಾ (ಚಕ್ರದಂಥ ಬ್ಲೇಡಿನ ಗರಗಸ) ಪೂರ್ತಿ ಬಲ ಹಾಕಿ ಮರ ಕೊಯ್ಯುವಾಗ ಎಳೆಯುವಷ್ಟು ಕರೆಂಟನ್ನು ಈ ಬ್ಯಾಟರಿಯಿಂದ ಎಳೆದರೆ ಮೂರು ನಿಮಿಷಕ್ಕೆ ಖಾಲಿ. ಬ್ಯಾಟರಿ ಸಾ ಅಷ್ಟು ಎಳೆಯುವುದಿಲ್ಲ ನಿಜ, ಅದಕ್ಕೇ ಅದು ದಪ್ಪ ಹೊನ್ನೆ ಹಲಗೆಯಲ್ಲಿ ಉಸಿರು ಕಟ್ಟಿದ ಹಾಗೆ ನಿಧಾನ ಆಗುತ್ತದೆ.

ಸ್ಕ್ರೂ ಹಾಕುವ ಕೆಲಸ ಹಾಗಲ್ಲ. ಒಂದು ಸ್ಕ್ರೂಗೆ ಮಷಿನ್ ಓಡುವುದು ಎರಡು ಮೂರು ಸೆಕೆಂಡ್ ಮಾತ್ರ. ಹಾಗಾಗಿ ಅದೇ ಬ್ಯಾಟರಿಯಲ್ಲಿ ಒಂದು ಅಡುಗೆಮನೆಯ ಹಿಂಜ್, ಡ್ರಾಯರ್ ಜಾರುವ ಚಾನೆಲ್ ಎಲ್ಲ ಕೂರಿಸಿದರೂ ಇನ್ನೂ ಚಾರ್ಜ್ ಉಳಿದಿರುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ಗೆರೆ ಸ್ಪಷ್ಟ. ತೂತು ಹೊಡೆಯಲು, ಸ್ಕ್ರೂ ಹಾಕಲು ಬ್ಯಾಟರಿ. ಕೊಯ್ಯಲು, ಕೀಸಲು, ಉಜ್ಜಲು ವೈರು. ತಮ್ಮನ ಹಾಗೆ ಕರೆಂಟೇ ಬಾರದ ಹೊಸ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುವವರಿಗೆ ಮಾತ್ರ ಈ ಗೆರೆ ಬದಲಾಗುತ್ತದೆ.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ವಿಷಯ ಇದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ದಿನ ಕರೆಂಟ್ ಇರುವುದಿಲ್ಲ, ಬಂದರೂ ವೋಲ್ಟೇಜ್ ಏಳುವುದಿಲ್ಲ. 230 ವೋಲ್ಟಿಗೆ ಅಂತ ಮಾಡಿದ ಮೋಟರನ್ನು 180ರಲ್ಲಿ ಓಡಿಸಿ ಒತ್ತಿ ಕೊಯ್ದರೆ ಅದು ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಒಂದು ದಿನ ನಿಂತೇಹೋಗುತ್ತದೆ. ಬ್ಯಾಟರಿಗೆ ಆ ತೊಂದರೆ ಇಲ್ಲ, ಬೆಳಿಗ್ಗೆ ಕರೆಂಟ್ ಇದ್ದಾಗ ಚಾರ್ಜ್ ಮಾಡಿಟ್ಟುಕೊಂಡರೆ ಮಧ್ಯಾಹ್ನದ ಫಿಟ್ಟಿಂಗ್ ಕೆಲಸ ನಿಲ್ಲುವುದಿಲ್ಲ. ನಾನು ಮೊದಲ ಬ್ಯಾಟರಿ ಡ್ರಿಲ್ ತಗೊಂಡಿದ್ದು ಈ ಕಾರಣಕ್ಕೇ.

ವೈರಿನ ಮಷಿನ್ ತಗೊಳ್ಳುವವರು ಎಕ್ಸ್‌ಟೆನ್ಷನ್ ಬಾಕ್ಸಿಗೂ ಸ್ವಲ್ಪ ದುಡ್ಡು ಎತ್ತಿಡಿ. ಸಾಮಾನ್ಯ 6 ಆಂಪಿಯರ್ ಪ್ಲಗ್ ಪಾಯಿಂಟ್ ತಡೆಯುವುದು ಸುಮಾರು 1,380 ವ್ಯಾಟ್. 1,400 ವ್ಯಾಟಿನ ಸಾ ಅದರಲ್ಲಿ ಹಾಕಿದರೆ ಮೊದಲ ದಿನವೇ ಏನೂ ಆಗುವುದಿಲ್ಲ, ಆದರೆ ಸಾಕೆಟ್ ಒಳಗೆ ಕಪ್ಪಾಗುತ್ತಾ ಬರುತ್ತದೆ. 16 ಆಂಪಿಯರ್ ಪಾಯಿಂಟಿಗೇ ಹಾಕಿ. ವೈರು ಉದ್ದ ಬೇಕೆಂದರೆ 1.5 ಚದರ ಮಿ.ಮೀ. ತಾಮ್ರದ್ದಾದರೂ ಇರಲಿ, ದೊಡ್ಡ ಮಷಿನ್ನಿಗೆ 2.5. ಅಂಗಡಿಯಲ್ಲಿ ಸಿಗುವ ತೆಳ್ಳಗಿನ ರೆಡಿಮೇಡ್ ಬಾಕ್ಸುಗಳು ಟೀವಿಗೆ, ಫ್ಯಾನಿಗೆ ಸರಿ. ಇನ್ನೊಂದು, ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹಾಕಿ, ಸುತ್ತಿಟ್ಟೇ ಸಾ ಓಡಿಸಿದರೆ ವೈರು ಬಿಸಿಯಾಗಿ ಮೆತ್ತಗಾಗುವುದನ್ನು ಕೈಯಾರೆ ಮುಟ್ಟಿ ನೋಡಿದ್ದೇನೆ.

12 ವೋಲ್ಟಾ, 18 ವೋಲ್ಟಾ, 20 ವೋಲ್ಟಾ

ಮೊದಲು ಒಂದು ಗೊಂದಲ ಬಿಡಿಸೋಣ. ಡಬ್ಬಿಯ ಮೇಲೆ 20 ವೋಲ್ಟ್ ಮ್ಯಾಕ್ಸ್ ಅಂತ ಬರೆದದ್ದೂ 18 ವೋಲ್ಟ್ ಅಂತ ಬರೆದದ್ದೂ ಒಂದೇ ಜಾತಿಯ ಬ್ಯಾಟರಿ. ಒಳಗೆ ಸಾಲಾಗಿ ಐದು ಸೆಲ್ ಇರುತ್ತವೆ. ಒಂದೊಂದೂ 3.6 ವೋಲ್ಟ್, ಐದು ಸೇರಿ 18. ಆಗ ತಾನೇ ಪೂರ್ತಿ ಚಾರ್ಜ್ ಆದಾಗ ಒಂದೊಂದು ಸೆಲ್ 4 ವೋಲ್ಟ್ ದಾಟುತ್ತದೆ, ಅದನ್ನು ಕೂಡಿಸಿ 20 ಅಂತ ಬರೆಯುತ್ತಾರೆ. 12 ವೋಲ್ಟಿನದೂ ಹಾಗೇ, ಮೂರು ಸೆಲ್, ಲೆಕ್ಕಕ್ಕೆ 10.8. ಆದ್ದರಿಂದ 20 ಅಂತ ಬರೆದಿದೆ, ಜಾಸ್ತಿ ಬಲ ಇರಬೇಕು ಅಂತ ಎರಡು ಸಾವಿರ ಜಾಸ್ತಿ ಕೊಡಬೇಡಿ. ನೋಡಬೇಕಾದ್ದು ಆಂಪಿಯರ್ ಅವರ್ ಎಷ್ಟು, ಮೋಟರ್ ಬ್ರಷ್‌ಲೆಸ್ಸಾ (ಸವೆಯುವ ಕಾರ್ಬನ್ ಬ್ರಷ್ ಇಲ್ಲದ್ದಾ) ಅಲ್ವಾ, ಟಾರ್ಕ್, ಅಂದರೆ ತಿರುಗಿಸುವ ಬಲ, ಎಷ್ಟು ಅನ್ನುವುದನ್ನು.

ಇನ್ನು ಆಯ್ಕೆ. ಪ್ಲೈವುಡ್ ಕಪಾಟು, ಅಡುಗೆಮನೆ, ಹಿಂಜ್, ಚಾನೆಲ್ ಇಷ್ಟೇ ಕೆಲಸ ಆದರೆ 12 ವೋಲ್ಟ್ ಧಾರಾಳ ಸಾಕು. ಬಾಷ್ ಜಿಎಸ್‌ಆರ್ 120 ಥರದ, 10 ಮಿ.ಮೀ. ಚಕ್ (ತುದಿ ಹಿಡಿಯುವ ಬಾಯಿ) ಇರುವ ಸಣ್ಣ ಡ್ರೈವರ್ ಕಪಾಟಿನ ಒಳಗೆ ಕೈ ತೂರಿಸಿದಾಗ ಅದರ ಬೆಲೆ ಗೊತ್ತಾಗುತ್ತದೆ. 18 ವೋಲ್ಟಿನದು ಬಲಶಾಲಿ, ಆದರೆ ತಲೆಯ ಮೇಲೆ ಕೈ ಎತ್ತಿ ಮೇಲಿನ ಕ್ಯಾಬಿನೆಟ್ಟಿಗೆ ಇಪ್ಪತ್ತು ಸ್ಕ್ರೂ ಹಾಕಿದ ಮೇಲೆ ಮೊಣಕೈ ಹೇಳುತ್ತದೆ ಎಷ್ಟು ಭಾರ ಅಂತ.

18 ವೋಲ್ಟ್ ಬೇಕಾಗುವುದು ಗಟ್ಟಿ ಮರಕ್ಕೆ ಮೂರು ನಾಲ್ಕು ಇಂಚಿನ ಸ್ಕ್ರೂ ಇಳಿಸುವವರಿಗೆ, ಬಾಗಿಲ ಚೌಕಟ್ಟಿನಲ್ಲಿ ದೊಡ್ಡ ತೂತು ಹೊಡೆಯುವವರಿಗೆ, ಮುಂದೆ ಅದೇ ಬ್ಯಾಟರಿಗೆ ಬಾಗಿದ ಗೆರೆ ಕೊಯ್ಯುವ ಜಿಗ್ ಸಾ, ಬ್ಲೋವರ್ ಅಂತ ಸೇರಿಸುತ್ತಾ ಹೋಗುವ ಯೋಚನೆ ಇರುವವರಿಗೆ. ಒಮ್ಮೆ ಒಂದು ಕಂಪನಿಯ ಬ್ಯಾಟರಿ ಹಿಡಿದರೆ ಆಮೇಲೆ ಬಿಡುವುದು ಕಷ್ಟ, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಮಷಿನ್ ಒಂದಕ್ಕಿಂತ ಆ ಕಂಪನಿಯ ಪೂರ್ತಿ ಸಾಲನ್ನೂ ನಿಮ್ಮ ಊರಿನಲ್ಲಿ ಅದಕ್ಕೆ ಸರ್ವಿಸ್ ಇದೆಯಾ ಅನ್ನುವುದನ್ನೂ ನೋಡಿ ತಗೊಳ್ಳಿ.

ಇಂಪ್ಯಾಕ್ಟ್ ಡ್ರೈವರ್ ಬೇಕಾ ಅಂತ ಸುಮಾರು ಜನ ಕೇಳುತ್ತಾರೆ. ಉದ್ದ ಸ್ಕ್ರೂ ಜಾಸ್ತಿ ಹಾಕುವವರಿಗೆ ಅದರಷ್ಟು ಕೈಗೆ ಹಿತ ಬೇರೆ ಇಲ್ಲ, ಮಣಿಕಟ್ಟು ತಿರುಚುವುದಿಲ್ಲ, ಸ್ಕ್ರೂ ತಲೆ ಜಾರುವುದು ಕಡಿಮೆ. ಆದರೆ ಸದ್ದು ಜೋರು, ಬಿಗಿಯಾದ ಕೂಡಲೇ ತಾನೇ ಬಿಟ್ಟುಕೊಡುವ ಕ್ಲಚ್ ಇಲ್ಲ. ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನಲ್ಲಿ ಹಿಂಜಿನ ಸಣ್ಣ ಸ್ಕ್ರೂ ಹಾಕಲು ಹೋದರೆ ಒಂದು ಕ್ಷಣ ಬೆರಳು ಜಾಸ್ತಿ ಒತ್ತಿದರೂ ಸಾಕು, ಸ್ಕ್ರೂ ಸುಮ್ನೆ ಸುತ್ತುತ್ತದೆ, ಹಿಡಿತ ಹೋಗುತ್ತದೆ. ಒಂದೇ ತಗೊಳ್ಳುವುದಾದರೆ ಕ್ಲಚ್ ಇರುವ ಡ್ರಿಲ್ ಡ್ರೈವರ್ ತಗೊಳ್ಳಿ.

ಗೋಡೆಗೆ ತೂತು ಹೊಡೆಯಲು ಬಾಷ್ ಜಿಎಸ್‌ಬಿ 500 ಥರದ 500 ವ್ಯಾಟಿನ ವೈರ್ ಡ್ರಿಲ್ ಒಂದು ಮನೆಯಲ್ಲಿದ್ದರೆ ಸಾಕು. ಕಡಿಮೆ ಬೆಲೆ, ವರ್ಷಗಟ್ಟಲೆ ಬರುತ್ತದೆ. ಅದರ ಬಗ್ಗೆ ಜಾಸ್ತಿ ಯೋಚನೆ ಮಾಡುವ ಅಗತ್ಯ ಇಲ್ಲ.

ಕೊಯ್ಯಲು ಯಾವುದು: ಇದನ್ನು ಮಾತ್ರ ನಿಧಾನವಾಗಿ ಓದಿ

ನಮ್ಮಲ್ಲಿ ಹತ್ತರಲ್ಲಿ ಎಂಟು ಬಡಗಿಗಳು ಪ್ಲೈವುಡ್ ಕೊಯ್ಯುವುದು ಮಾರ್ಬಲ್ ಕಟ್ಟರಿನಲ್ಲಿ. ಟೈಲ್ಸ್ ಕೊಯ್ಯುವ 4 ಇಂಚಿನ ಮಷಿನ್ನಿಗೆ ಮರದ ಬ್ಲೇಡ್ ಹಾಕಿ ಗೆರೆ ಹಿಡಿದು ಎಳೆಯುವುದು. ನಾನೂ ಹದಿನಾಲ್ಕು ವರ್ಷ ಹಾಗೇ ಮಾಡಿದೆ. ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ಬೆಲೆ ಕಡಿಮೆ, ಒಂದು ಕೈಯಲ್ಲಿ ಹಿಡಿಯಬಹುದು, ಬ್ಲೇಡ್ ಎಲ್ಲ ಊರಿನಲ್ಲೂ ಸಿಗುತ್ತದೆ, 18 ಮಿ.ಮೀ. ಪ್ಲೈ ಕೊಯ್ಯಲು ಅದರ ಆಳ ಸಾಕಾಗುತ್ತದೆ.

ಆದರೆ ಅದು ಮರಕ್ಕೆ ಮಾಡಿದ ಮಷಿನ್ ಅಲ್ಲ. ಅದರ ಬ್ಲೇಡ್ ನಿಮಿಷಕ್ಕೆ ಹನ್ನೆರಡು ಹದಿಮೂರು ಸಾವಿರ ಸುತ್ತು ತಿರುಗುತ್ತದೆ, ಸರ್ಕ್ಯುಲರ್ ಸಾ ತಿರುಗುವುದು ಐದು ಸಾವಿರದ ಆಸುಪಾಸು. ಇದಕ್ಕಿಂತ ದೊಡ್ಡ ವ್ಯತ್ಯಾಸ ಗಾರ್ಡಿನದು. ಸರ್ಕ್ಯುಲರ್ ಸಾದಲ್ಲಿ ಕೆಳಗಿನ ಗಾರ್ಡ್ ಸ್ಪ್ರಿಂಗಿನ ಮೇಲೆ ಇರುತ್ತದೆ, ಮರದಿಂದ ಎತ್ತಿದ ಕೂಡಲೇ ತಾನಾಗಿಯೇ ಬಂದು ಬ್ಲೇಡನ್ನು ಮುಚ್ಚುತ್ತದೆ. ಮಾರ್ಬಲ್ ಕಟ್ಟರಿನಲ್ಲಿ ಕೆಳಗೆ ಏನೂ ಇಲ್ಲ. ಸ್ವಿಚ್ ಬಿಟ್ಟ ಮೇಲೂ ಕೆಲವು ಸೆಕೆಂಡ್ ಹಲ್ಲುಗಳು ಬರಿದಾಗಿ ತಿರುಗುತ್ತಿರುತ್ತವೆ. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಹುಡುಗ ಕೊಯ್ದು ಮುಗಿಸಿ, ಸ್ವಿಚ್ ಬಿಟ್ಟು, ಮಷಿನ್ನನ್ನು ತೊಡೆಯ ಪಕ್ಕಕ್ಕೆ ಇಳಿಸಿದ. ಪ್ಯಾಂಟ್ ಬಟ್ಟೆ ಸಿಕ್ಕಿ ಬ್ಲೇಡ್ ಒಳಗೆ ಎಳೆದುಕೊಂಡಿತು. ಹನ್ನೊಂದು ಹೊಲಿಗೆ ಬಿತ್ತು. ಅವತ್ತೇ ನಾನು ಸರ್ಕ್ಯುಲರ್ ಸಾಗೆ ಬದಲಾಯಿಸಿದೆ. ಕಬ್ಬಿಣ ಉಜ್ಜುವ ಗ್ರೈಂಡರಿಗೆ ಮರದ ಬ್ಲೇಡ್ ಹಾಕುವವರನ್ನೂ ನೋಡಿದ್ದೇನೆ, ಅದಂತೂ ದಯವಿಟ್ಟು ಬೇಡ, ಯಾವ ಕಾರಣಕ್ಕೂ ಬೇಡ.

ಹಾಗಾದರೆ 7 ಇಂಚಿನ ಸರ್ಕ್ಯುಲರ್ ಸಾ, ಟೇಬಲ್ ಸಾ, ಜಿಗ್ ಸಾ ಈ ಮೂರರಲ್ಲಿ ಯಾವುದು?

ಎಂಟು ಅಡಿಗೆ ನಾಲ್ಕು ಅಡಿ ಶೀಟ್ ಕೊಯ್ಯುವವರಿಗೆ ಸರ್ಕ್ಯುಲರ್ ಸಾ. ಶೀಟ್ ದೊಡ್ಡದು, ಅದನ್ನು ಮಷಿನ್ ಹತ್ತಿರ ತರುವುದಕ್ಕಿಂತ ಮಷಿನ್ನನ್ನು ಅದರ ಮೇಲೆ ಓಡಿಸುವುದು ಸುಲಭ. ನೆಲದ ಮೇಲೆ ನಾಲ್ಕು ರೀಪು ಹಾಸಿ, ಅದರ ಮೇಲೆ ಶೀಟ್ ಮಲಗಿಸಿ, ನೇರ ಇರುವ ಅಲ್ಯೂಮಿನಿಯಂ ಪಟ್ಟಿಯನ್ನು ಎರಡು ಕ್ಲಾಂಪ್ ಹಾಕಿ ಬಿಗಿದು ಅದಕ್ಕೆ ಒರಗಿಸಿ ಸಾ ಎಳೆದರೆ ಎಂಟು ಅಡಿ ಉದ್ದಕ್ಕೂ ಒಂದು ಮಿಲಿಮೀಟರ್ ಆಚೀಚೆ ಆಗುವುದಿಲ್ಲ. ದುಬಾರಿ ಟ್ರ್ಯಾಕ್ ಸಾ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ, ಅದರಲ್ಲಿ ಅಂಚು ಇನ್ನೂ ಚೊಕ್ಕ ಬರುತ್ತದೆ ಮತ್ತು ಪುಡಿ ಕಡಿಮೆ ಹಾರುತ್ತದೆ ಅಷ್ಟೇ.

ಒಂದೇ ಅಳತೆಯ ಪಟ್ಟಿ ನೂರು ಬೇಕು, ಕಿಟಕಿಯ ರೀಪು ಸೀಳಬೇಕು ಅನ್ನುವವರಿಗೆ ಟೇಬಲ್ ಸಾ. ಗೆಳೆಯನದು 10 ಇಂಚು, 254 ಮಿ.ಮೀ. ಬ್ಲೇಡಿನದು. ಒಮ್ಮೆ ಹಲಗೆ ಒರಗುವ ಪಟ್ಟಿಯನ್ನು, ಅಂದರೆ ಫೆನ್ಸನ್ನು, ಬಿಗಿದರೆ ನೂರನೆಯ ಪಟ್ಟಿಯೂ ಮೊದಲನೆಯದರಷ್ಟೇ ಅಗಲ. ಆದರೆ ಜಾಗ ಬೇಕು. ಎಂಟು ಅಡಿ ಹಲಗೆ ಸೀಳಲು ಮುಂದೆ ಎಂಟು ಅಡಿ, ಹಿಂದೆ ಎಂಟು ಅಡಿ ಖಾಲಿ ಇರಬೇಕು. ನನ್ನ ಶೆಡ್ಡಿನಲ್ಲಿ ಅದಿಲ್ಲ, ಅದಕ್ಕೇ ನಾನು ತಗೊಂಡಿಲ್ಲ.

ಟೇಬಲ್ ಸಾ ತಗೊಳ್ಳುವವರಿಗೆ ಒಂದು ಮಾತು. ಬ್ಲೇಡಿನ ಹಿಂದೆ ನಿಂತಿರುವ ಚಪ್ಪಟೆ ಕಬ್ಬಿಣದ ರೆಕ್ಕೆ ಇದೆಯಲ್ಲ, ರೈವಿಂಗ್ ನೈಫ್, ಅದನ್ನು ಬಿಚ್ಚಿ ಮೂಲೆಗೆ ಎಸೆಯಬೇಡಿ. ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಕಚ್ಚದಂತೆ ಅದು ತಡೆಯುತ್ತದೆ. ಅದಿಲ್ಲದಿದ್ದರೆ ಹಲಗೆ ಬ್ಲೇಡಿನ ಹಿಂಬದಿಯ ಹಲ್ಲಿಗೆ ಸಿಕ್ಕಿ ವಾಪಸ್ ನಿಮ್ಮ ಹೊಟ್ಟೆಗೇ ಬರುತ್ತದೆ. ಅಮೆರಿಕದ ಸಾಸ್ಟಾಪ್ ಅನ್ನುವ ಟೇಬಲ್ ಸಾಗಳಲ್ಲಿ ಬೆರಳು ತಗುಲಿದ ಕೂಡಲೇ ಬ್ಲೇಡ್ ನಿಂತು ಕೆಳಗೆ ಇಳಿದುಬಿಡುತ್ತದೆ. ನಾವು ದಿನಾ ಬಳಸುವ ಮಷಿನ್‌ಗಳಲ್ಲಿ ಆ ವ್ಯವಸ್ಥೆ ಇಲ್ಲ. ನಮಗೆ ಇರುವುದು ಗಾರ್ಡು, ಆ ರೆಕ್ಕೆ, ಮತ್ತೆ ಹಲಗೆ ತಳ್ಳುವ ಕೋಲು.

ಜಿಗ್ ಸಾ ನೇರ ಕೊಯ್ಯಲು ಅಲ್ಲ. ಸಿಂಕಿನ ಜಾಗ, ಒಲೆಯ ಜಾಗ, ಬಾಗಿದ ಅಂಚು ಇದ್ದರೆ ಮಾತ್ರ. ತಗೊಂಡರೆ ಟಿ ಆಕಾರದ ತುದಿ ಇರುವ ಬ್ಲೇಡ್ ಹಿಡಿಯುವುದನ್ನೇ ತಗೊಳ್ಳಿ. ಲ್ಯಾಮಿನೇಟ್ ಮೇಲೆ ಕೊಯ್ಯುವುದಾದರೆ ಟಿ101ಬಿಆರ್ ಅಂತ ಕೇಳಿ, ಅದರ ಹಲ್ಲು ಕೆಳಮುಖ, ಮೇಲಿನ ಅಂಚು ಒಡೆಯುವುದಿಲ್ಲ.

ಬ್ಲೇಡ್

ಮಷಿನ್ನಿಗೆ ಹತ್ತು ಸಾವಿರ ಕೊಟ್ಟು ಬ್ಲೇಡಿಗೆ ಇನ್ನೂರು ಕೊಡುವವರು ನಮ್ಮಲ್ಲಿ ತುಂಬ. ನನ್ನ ಅನುಭವದಲ್ಲಿ ಸಾಧಾರಣ ಮಷಿನ್ನಿಗೆ ಒಳ್ಳೆಯ ಬ್ಲೇಡ್ ಹಾಕಿದರೆ ಬರುವ ಕೆಲಸ, ಒಳ್ಳೆಯ ಮಷಿನ್ನಿಗೆ ಮೊಂಡು ಬ್ಲೇಡ್ ಹಾಕಿದರೆ ಬರುವುದಿಲ್ಲ.

ಗಟ್ಟಿ ಮರವನ್ನು ಎಳೆಯ ಉದ್ದಕ್ಕೆ ಸೀಳಲು 24 ಹಲ್ಲು. ಎಲ್ಲಕ್ಕೂ ಒಂದೇ ಬೇಕು ಅಂದರೆ 40. ಲ್ಯಾಮಿನೇಟ್ ಅಂಟಿಸಿದ ಪ್ಲೈಗೆ 60ರಿಂದ ಮೇಲೆ. ತೇಗದಲ್ಲಿ ಮರಳಿನ ಅಂಶ ಇರುತ್ತದೆ, ಅದು ಹಲ್ಲು ತಿನ್ನುತ್ತದೆ. ಪ್ಲೈವುಡ್ಡಿನಲ್ಲಿ ಗೋಂದಿನ ಪದರ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ಕಾರ್ಬೈಡ್ ತುದಿಯದ್ದನ್ನೇ ತಗೊಳ್ಳಿ, ಮೊಂಡಾದಾಗ ಸಾಣೆ ಹಿಡಿಸಿ. ಬ್ಲೇಡಿನ ನಡುವಿನ ತೂತು 20, 25.4, 30 ಮಿ.ಮೀ. ಅಂತ ಬೇರೆ ಬೇರೆ ಇರುತ್ತದೆ, ಅದನ್ನು ನೋಡಿ. ಬ್ಲೇಡಿನ ಮೇಲೆ ಬರೆದ ಗರಿಷ್ಠ ಸುತ್ತು ನಿಮ್ಮ ಮಷಿನ್ನಿನ ಸುತ್ತಿಗಿಂತ ಜಾಸ್ತಿ ಇರಲೇಬೇಕು.

ಲ್ಯಾಮಿನೇಟ್ ಅಂಚು ಒಡೆಯುತ್ತದೆ ಅಂತ ಮಷಿನ್ ಬೈಯುವವರಿಗೆ: ಸರ್ಕ್ಯುಲರ್ ಸಾದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ, ಹಾಗಾಗಿ ಚಂದದ ಮುಖ ಕೆಳಗೆ ಇರಲಿ. ಟೇಬಲ್ ಸಾದಲ್ಲಿ ಮೇಲೆ ಇರಲಿ. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಇಷ್ಟಕ್ಕೇ ಅರ್ಧ ತೊಂದರೆ ಹೋಗುತ್ತದೆ.

ಟ್ರಿಮ್ಮರಾ, ರೂಟರಾ

ನಾನು ಈ ಸಲ ತಗೊಂಡಿದ್ದು ಟ್ರಿಮ್ಮರನ್ನೇ, ಆದ್ದರಿಂದ ಇನ್ನೂ ಬಿಸಿ ಬಿಸಿ ಇದೆ. ಎರಡೂ ಬಿಟ್ ಅನ್ನುವ ತಿರುಗುವ ಸಣ್ಣ ಕತ್ತಿಯಿಂದ ಮರ ಕೊರೆಯುವ ಮಷಿನ್‌ಗಳೇ. ಟ್ರಿಮ್ಮರ್ ಸಣ್ಣದು, ಒಂದು ಕೈಯಲ್ಲಿ ಹಿಡಿಯುವಂಥದು. ಮಕಿಟಾ 3709 530 ವ್ಯಾಟ್, ನಿಮಿಷಕ್ಕೆ 30,000 ಸುತ್ತು. ಬಾಷ್ ಜಿಕೆಎಫ್ 550 ಹೆಸರೇ ಹೇಳುವ ಹಾಗೆ 550 ವ್ಯಾಟ್. ಎರಡರಲ್ಲಿ ಕಣ್ಣು ಮುಚ್ಚಿ ಯಾವುದು ತಗೊಂಡರೂ ನಷ್ಟ ಇಲ್ಲ, ನಿಮ್ಮ ಊರಿನಲ್ಲಿ ಯಾವುದಕ್ಕೆ ಸರ್ವಿಸ್ ಹತ್ತಿರ ಇದೆಯೋ ಅದು.

ಲ್ಯಾಮಿನೇಟ್ ಅಂಚು ಸವರಲು, ಹಿಂಜಿಗೆ ಕಚ್ಚು ತೆಗೆಯಲು, ಹಲಗೆಯ ಮೂಲೆ ಸ್ವಲ್ಪ ಗುಂಡಗೆ ಮಾಡಲು ಟ್ರಿಮ್ಮರ್ ಸಾಕು. ಬಾಗಿಲಿನ ದೊಡ್ಡ ಮೋಲ್ಡಿಂಗ್, ಆಳವಾದ ಗಾಡಿ (ಉದ್ದದ ಕಾಲುವೆ), ಎರಡು ಇಂಚು ದಪ್ಪದ ಮತ್ತಿ ಅಂದರೆ 12 ಮಿ.ಮೀ. ಕಾಂಡದ ಬಿಟ್ ಹಿಡಿಯುವ ದೊಡ್ಡ ರೂಟರೇ ಬೇಕು. ಟ್ರಿಮ್ಮರಿನಿಂದ ಆ ಕೆಲಸ ಮಾಡಿಸಲು ಹೋದರೆ ಮಾಡುತ್ತದೆ, ಆದರೆ ಬೇರಿಂಗ್ ಬೇಗ ಹೋಗುತ್ತದೆ. ಒಂದೇ ಸಲಕ್ಕೆ ಎರಡು ಮೂರು ಮಿಲಿಮೀಟರಿಗಿಂತ ಆಳ ಬೇಡ. ಹಲಗೆಯ ಹೊರ ಅಂಚಿನಲ್ಲಿ ಬಿಟ್ ತಿರುಗುವ ದಿಕ್ಕಿಗೆ ಎದುರಾಗಿ ತಳ್ಳಿ. ಅದರ ಜೊತೆಗೇ ಓಡಿಸಿದರೆ ಮಷಿನ್ ಕೈಯಿಂದ ಕಿತ್ತುಕೊಂಡು ಓಡುತ್ತದೆ.

ಇಲ್ಲಿ ಒಂದು ಸಣ್ಣ ವಿಷಯದಲ್ಲಿ ಸುಮಾರು ಜನ ಬೀಳುತ್ತಾರೆ. ಬಿಟ್ಟಿನ ಕಾಂಡ 6 ಮಿ.ಮೀ. ಅಂತಲೂ ಬರುತ್ತದೆ, ಕಾಲು ಇಂಚು ಅಂತಲೂ ಬರುತ್ತದೆ. ಕಾಲು ಇಂಚು ಅಂದರೆ 6.35. ಕಣ್ಣಿಗೆ ಎರಡೂ ಒಂದೇ. ಕೆಲವು ಅಂಗಡಿಯಲ್ಲಿ ಒಂದೇ ಡಬ್ಬದಲ್ಲಿ ಎರಡೂ ಬಿದ್ದಿರುತ್ತವೆ. 6.35ರ ಬಿಟ್ 6ರ ಕೊಲೆಟ್ಟಿನಲ್ಲಿ (ಬಿಟ್ ಹಿಡಿಯುವ ಬಾಯಿ) ಹೋಗುವುದೇ ಇಲ್ಲ, ಆಗ ಗೊತ್ತಾಗುತ್ತದೆ, ಸರಿ. 6ರ ಬಿಟ್ 6.35ರ ಕೊಲೆಟ್ಟಿನಲ್ಲಿ ಹೋಗುತ್ತದೆ, ಬಿಗಿಯೂ ಆದ ಹಾಗೆ ಅನಿಸುತ್ತದೆ. ಆದರೆ 30,000 ಸುತ್ತಿನಲ್ಲಿ ಅದು ನಿಧಾನಕ್ಕೆ ಕೆಳಗೆ ಜಾರುತ್ತದೆ. ಒಬ್ಬರ ಮನೆಯ ಹಲಸಿನ ಬಾಗಿಲಿನಲ್ಲಿ ನನಗೆ ಹಾಗೇ ಆಯಿತು, ನಾಲ್ಕು ಮಿಲಿಮೀಟರ್ ಇರಬೇಕಾದ ಕಚ್ಚು ಇನ್ನೊಂದು ತುದಿಗೆ ಹೋಗುವಾಗ ಏಳಾಗಿತ್ತು. ಅದೇ ಮರದ ತುಂಡು ಕೂರಿಸಿ ಸರಿ ಮಾಡಲು ಒಂದು ದಿನ ಹೋಯಿತು. 12 ಮಿ.ಮೀ. ಮತ್ತು ಅರ್ಧ ಇಂಚು, ಅಂದರೆ 12.7, ಅದಕ್ಕೂ ಇದೇ ಕಥೆ. ಬಿಟ್ ತಗೊಳ್ಳಲು ಹೋಗುವಾಗ ಜೇಬಿನಲ್ಲಿ ದಪ್ಪ ಅಳೆಯುವ ವರ್ನಿಯರ್ ಇರಲಿ.

ಕೀಸುವುದು, ಉಜ್ಜುವುದು

ಎಲೆಕ್ಟ್ರಿಕ್ ಪ್ಲೇನರ್ ನಮ್ಮ ಕಡೆ ಎಲ್ಲರ ಬಳಿಯೂ ಇದೆ. ಮಕಿಟಾ ಇದನ್ನು 1958ರಲ್ಲೇ ಮಾಡಲು ಶುರು ಮಾಡಿತು, ಅದರ ಎನ್1900ಬಿ ಇವತ್ತಿಗೂ ನಂಬಿಕೆಯ ಮಷಿನ್. 82 ಮಿ.ಮೀ. ಅಗಲ, ಒಂದು ಸಲಕ್ಕೆ 1 ಮಿ.ಮೀ. ತೆಗೆಯುತ್ತದೆ. ಬಾಷ್ ಜಿಎಚ್‌ಒ 6500 ಅಗಲ ಅಷ್ಟೇ, ಆದರೆ 2.6 ಮಿ.ಮೀ. ವರೆಗೆ ತೆಗೆಯುತ್ತದೆ. ಗರಗಸದ ಮಿಲ್ಲಿನಿಂದ ಬಂದ ಒರಟು ಹಲಗೆ ದಿನಾ ಕೀಸುವವರಿಗೆ ಎರಡನೆಯದು. ಬಾಗಿಲು ಮಳೆಗಾಲಕ್ಕೆ ಉಬ್ಬಿದೆ, ಸ್ವಲ್ಪ ಸವರಿ ಕೂರಿಸಬೇಕು ಅನ್ನುವವರಿಗೆ ಮೊದಲನೆಯದು ಸಾಕು, ಹಗುರವೂ ಹೌದು.

ಎರಡರಲ್ಲೂ ಒಂಬತ್ತು ಇಂಚಿನ ಹಲಗೆಯನ್ನು ಒಂದೇ ಓಟಕ್ಕೆ ಕೀಸಲಾಗುವುದಿಲ್ಲ. ಪಟ್ಟಿ ಪಟ್ಟಿಯಾಗಿ ಹೋದಾಗ ನಡುವೆ ಸಣ್ಣ ಏಣು ಉಳಿಯುತ್ತದೆ. ಹಲಗೆಗೆ ಪೆನ್ಸಿಲಿನಿಂದ ಅಡ್ಡಾದಿಡ್ಡಿ ಗೆರೆ ಎಳೆದು, ಮೊದಲು ಓರೆಯಾಗಿ, ಆಮೇಲೆ ಉದ್ದಕ್ಕೆ ಕೀಸಿ. ಗೆರೆ ಎಲ್ಲಿ ಉಳಿದಿದೆಯೋ ಅಲ್ಲಿ ತಗ್ಗು. ಕೊನೆಯ ಏಣು ತೆಗೆಯಲು ನಾನು ಈಗಲೂ ಕೈಯ ಉಜ್ಜುಗೊರಡನ್ನೇ ಹಿಡಿಯುತ್ತೇನೆ. ಹಲಸಿನ ಹಲಗೆಯ ಮೇಲೆ ಅದನ್ನು ತಳ್ಳಿದಾಗ ಹಳದಿ ಸುರುಳಿ ಒಂದೇ ಉದ್ದಕ್ಕೆ ಮೇಲೆದ್ದು ಬಂದು ಬೆರಳಿನ ಮೇಲೆ ಬೀಳುತ್ತದೆ, ಕೈಗೆಲ್ಲ ಆ ಬಣ್ಣ, ಆ ವಾಸನೆ. ಮಷಿನ್ ಎಷ್ಟೇ ಒಳ್ಳೆಯದಿರಲಿ, ಆ ನುಣುಪು ಅದರಿಂದ ಬರುವುದಿಲ್ಲ.

ಪ್ಲೇನರ್ ಹಲಗೆಯ ಕೊನೆಯಲ್ಲಿ ಗುಳಿ ಮಾಡುತ್ತಿದ್ದರೆ ಮಷಿನ್ ಬದಲಾಯಿಸುವ ಮುಂಚೆ ಬ್ಲೇಡ್ ನೋಡಿ. ಎರಡೂ ಬ್ಲೇಡಿನ ಅಂಚು ಹಿಂದಿನ ತಟ್ಟೆಗೆ ಸರಿಸಮ ಇರಬೇಕು. ಸ್ವಲ್ಪ ಮೇಲಿದ್ದರೂ ಗುಳಿ ಬೀಳುತ್ತದೆ. ಹಳೆ ಮನೆಯ ತೊಲೆ ಕೀಸುವಾಗ ಮೊಳೆ ಉಳಿದಿದೆಯಾ ಅಂತ ಅಂಗೈ ಅಗಲದ ಅಯಸ್ಕಾಂತ ಆಡಿಸಿ ನೋಡಿ, ನಾನು ಹಾಗೆ ನೋಡದೆ ಒಂದು ಜೊತೆ ಬ್ಲೇಡ್ ಕಳೆದುಕೊಂಡೆ.

ಸ್ಯಾಂಡರಿನಲ್ಲಿ ಎರಡು ಬಗೆ. ಚೌಕದ್ದು ಮತ್ತು ಗುಂಡಗಿನದು. ಚೌಕದ್ದಕ್ಕೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಉಪ್ಪುಕಾಗದವನ್ನು ನಾಲ್ಕು ತುಂಡು ಮಾಡಿ ಹಾಕಬಹುದು, ಮೂಲೆಗೂ ಹೋಗುತ್ತದೆ, ಆದರೆ ನಿಧಾನ. ಗುಂಡಗಿನದು, ಬಾಷ್ ಜಿಇಎಕ್ಸ್ 125 ಥರದ್ದು, ಬೇಗ ಕೆಲಸ ಮುಗಿಸುತ್ತದೆ, ಸುತ್ತು ಗೆರೆ ಕಾಣುವುದು ಕಡಿಮೆ. ಅದಕ್ಕೆ ಅಂಟುಬಟ್ಟೆ ಇರುವ 125 ಮಿ.ಮೀ. ಡಿಸ್ಕೇ ಬೇಕು, ಸಣ್ಣ ಊರಿನಲ್ಲಿ ಸಿಗುವುದಿಲ್ಲ, ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋದಾಗ ಐವತ್ತರ ಪ್ಯಾಕ್ ತಂದಿಟ್ಟುಕೊಳ್ಳಬೇಕು. ಪಾಲಿಶ್ ಕೆಲಸ ಇರುವವರಿಗೆ ಗುಂಡಗಿನದೇ. ಕಾಗದದ ನಂಬರ್ 80, 120, 180, 220 ಅಂತ ಒರಟಿನಿಂದ ನಯಕ್ಕೆ ಸಾಲಾಗಿ ಹೋಗಿ, ನಡುವೆ ಒಂದು ಬಿಟ್ಟರೆ ಪಾಲಿಶ್ ಹಚ್ಚಿದ ಮೇಲೆ ಹಳೆ ಗೀರು ಎದ್ದು ಕಾಣುತ್ತದೆ.

ಪುಡಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಮರದ ಪುಡಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಅದನ್ನು ಮೊದಲ ಗುಂಪಿಗೆ ಸೇರಿಸಿದೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಣ್ಣ ಪುಡಿ ನಿಲ್ಲುವುದಿಲ್ಲ. ಎನ್95 ಮಾಸ್ಕ್ ಹಾಕಿ. ಎರಡು ಸ್ಯಾಂಡರ್ ಬೆಲೆ ಒಂದೇ ಇದ್ದರೆ ವ್ಯಾಕ್ಯೂಮಿನ ಪೈಪ್ ಕೂರುವುದನ್ನೇ ಆರಿಸಿ. ನಮ್ಮ ಅಪ್ಪ ಕೊನೆಯ ಹತ್ತು ವರ್ಷ ಕೆಮ್ಮಿಕೊಂಡೇ ಕೆಲಸ ಮಾಡಿದರು, ಅದನ್ನು ನೋಡಿದವನು ನಾನು.

ದುಡ್ಡು ಕೊಡುವ ಮುಂಚೆ

ಹೊಸದಾಗಿ ಸ್ವಂತ ಕೆಲಸ ಶುರು ಮಾಡುವ ಹುಡುಗರು ಒಂದೇ ಸಲ ಎಲ್ಲ ತಗೊಳ್ಳುವುದು ಬೇಡ. ನನ್ನ ಪ್ರಕಾರ ಮೊದಲು 12 ವೋಲ್ಟ್ ಡ್ರೈವರ್ ಮತ್ತು 7 ಇಂಚಿನ ಸರ್ಕ್ಯುಲರ್ ಸಾ, ಜೊತೆಗೆ ಎರಡು ಒಳ್ಳೆಯ ಬ್ಲೇಡ್. ಮೊದಲ ಎರಡು ಕೆಲಸದ ದುಡ್ಡು ಬಂದ ಮೇಲೆ ಟ್ರಿಮ್ಮರ್. ಘನ ಮರದ ಕೆಲಸ ಆದರೆ ಟ್ರಿಮ್ಮರಿಗೂ ಮುಂಚೆ ಪ್ಲೇನರ್. ಸ್ಯಾಂಡರ್ ಆಮೇಲೆ. ಟೇಬಲ್ ಸಾ ಸ್ವಂತ ಜಾಗ ಆದ ಮೇಲೆ.

ಕೈಯಲ್ಲಿ ದುಡ್ಡಿಲ್ಲ ಅಂದರೆ 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ ಕೆಲಸವೂ ಸೇರಿದೆ. ತರಬೇತಿಯ ಜೊತೆಗೆ ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇ. 5ರ ಬಡ್ಡಿಗೆ ಸಾಲ ಇದೆ. ಅಂಗಡಿಯವರ ಕಂತಿನ ಬಡ್ಡಿಗೆ ಸಿಕ್ಕಿಕೊಳ್ಳುವ ಮುಂಚೆ ಒಮ್ಮೆ ಗ್ರಾಮ ಪಂಚಾಯಿತಿಯಲ್ಲೋ ಸೇವಾ ಕೇಂದ್ರದಲ್ಲೋ ವಿಚಾರಿಸಿ.

ಬಿಲ್ಲಿಲ್ಲದೆ ಐನೂರು ಕಡಿಮೆ ಮಾಡಿಕೊಡುತ್ತೇನೆ ಅಂದರೆ ಬೇಡ ಅನ್ನಿ. ನಾನು ಒಂದು ಡ್ರಿಲ್ ಹಾಗೇ ತಂದಿದ್ದೆ, ನಾಲ್ಕನೇ ತಿಂಗಳಿಗೆ ನಿಂತಿತು, ಬಿಲ್ಲಿಲ್ಲ ಅಂತ ಯಾರೂ ಮುಟ್ಟಲಿಲ್ಲ. ಬಿಲ್ಲಿನಲ್ಲಿ ಮಷಿನ್ನಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಅಂಗಡಿಯಲ್ಲೇ ಪ್ಲಗ್ ಹಾಕಿಸಿ ಓಡಿಸಿ ನೋಡಿ, ಸದ್ದು ಒಂದೇ ಸಮ ಇದೆಯಾ, ಸರ್ಕ್ಯುಲರ್ ಸಾ ಆದರೆ ಗಾರ್ಡ್ ತಡೆಯಿಲ್ಲದೆ ವಾಪಸ್ ಬರುತ್ತದೆಯಾ ಅಂತ. ವೈರಿನ ಮಷಿನ್ ಆದರೆ ಮೋಟರಿಗೆ ಕರೆಂಟ್ ಮುಟ್ಟಿಸುವ ಅದರ ಕಾರ್ಬನ್ ಬ್ರಷ್ ಅಂಗಡಿಯಲ್ಲಿ ಇದೆಯಾ ಕೇಳಿ, ಎರಡು ಜೊತೆ ಅವತ್ತೇ ತಗೊಂಡು ಡಬ್ಬಿಯೊಳಗೇ ಇಟ್ಟುಬಿಡಿ. ಬ್ರಷ್ ಸವೆಯುವುದು ಯಾವಾಗಲೂ ಅಂಗಡಿ ಮುಚ್ಚಿದ ಭಾನುವಾರ, ಗೃಹಪ್ರವೇಶದ ಹಿಂದಿನ ದಿನ.